ಕೈಗೆ ಬಡಿದರೆಲ್ಲ ರೆಡ್ ಕಾರ್ಡಾ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವೊಂದಿಷ್ಟು ಜನ ಶಹಾಬಾದ್ ಹತ್ತಿರದ ಭಂಕೂರಕ್ಕೆ ಹೋಗಿದ್ವಿ. ನಮ್ಮ ಗ್ಯಾಂಗಿನ ಇಬ್ಬರ ಊರು ಅದು. ಸಂಜೆ ಬಿಸಿಲು ಇಳಿದ ಮೇಲೆ ಊರ ಹುಡುಗರ ಜೊತೆ ಫುಟ್‌ಬಾಲ್. ಗೋಲ್ ಪೋಸ್ಟ್ ಅಂದ್ರೆ ನಿಲ್ಲಿಸಿಟ್ಟ ಎರಡು ಫರ್ಸಿ ಕಲ್ಲು, ಆ ಕಡೆ ಅದಕ್ಕೇನು ಬರ ಇಲ್ಲ. ಸ್ಕೋರ್ 4-4 ಆಗಿತ್ತು. ಮುಂದಿನ ಗೋಲ್ ಹೊಡೆದವರು ಗೆದ್ದಂಗೆ ಅಂತ ಮಾತಾಗಿತ್ತು. ಆಗ ಮೂರು ಮೀಟರ್ ದೂರದಿಂದ ಹೊಡೆದ ಶಾಟ್ ಗೋಲ್ ಲೈನ್ ಮೇಲೆ ನಿಂತಿದ್ದ ನಮ್ಮ ಡಿಫೆಂಡರ್ ಕೈಗೆ ಬಡಿದು ಹೊರಗೆ ಹೋಯಿತು.

"ರೆಡ್ ಕಾರ್ಡ್ ಲೇ ಇದು!" ಅಂತ ಅರ್ಧ ಮೈದಾನ ಕೂಗಿತು. "ಬಾಲೇ ಬಂದು ಕೈಗೆ ಬಡದದ, ನಾ ಏನ್ ಮಾಡ್ಲಿ?" ಅಂದ ಅವನು. ರೆಫ್ರಿ ಅಂತ ಯಾರೂ ಇರಲಿಲ್ಲ. ಒಬ್ಬರು ಸುವಾರೆಜ್ ಹೆಸರು ಎತ್ತಿದರು, ಇನ್ನೊಬ್ಬರು ಯಾವುದೋ ಟಿವಿ ಎಕ್ಸ್‌ಪರ್ಟ್ ಹೇಳಿದ ಮಾತನ್ನು ಹೇಳಿದರು. ಕೊನೆಗೆ 'ಚೀಟರ್' ಅನ್ನೋ ಪದ ಬಂತು. ಅವನು ಚಪ್ಪಲಿ ಹಾಕ್ಕೊಂಡು ಹೊರಟುಹೋದ. ಕಾಲೇಜಿಗೆ ವಾಪಸ್ ಬಂದ ಮೇಲೂ ಗ್ರೂಪಿನಲ್ಲಿ ಅವನ ಹೆಸರು 'ಸುವಾರೆಜ್' ಅಂತಲೇ ಉಳಿಯಿತು. ಇಂಟರ್ ಬ್ರಾಂಚ್ ಟೀಮಿನ ಸೆಲೆಕ್ಷನ್‌ಗೂ ಅವನು ಬರಲಿಲ್ಲ.

ಆಮೇಲೆ ನಮಗೆ ಹೊಳೆದ ವಿಷಯ ಒಂದೇ: ಅಷ್ಟು ಜಗಳ ಆಡಿದ ನಾವು ಯಾರೂ ರೂಲ್ ಓದಿರಲಿಲ್ಲ. ಹಾಗಾಗಿ ಕೂತು ಓದಿದ್ವಿ. ಫುಟ್‌ಬಾಲ್‌ಗೆ ಇರುವುದು 17 ನಿಯಮಗಳು. ಅವನ್ನು ಬರೆಯುವುದು ಐಎಫ್ಎಬಿ ಎಂಬ ಸಂಸ್ಥೆ. ಹ್ಯಾಂಡ್‌ಬಾಲ್ ಬರೋದು 12ನೇ ನಿಯಮದಲ್ಲಿ. ಓದಿದ ಮೇಲೆ ಗೊತ್ತಾಗಿದ್ದು ಏನಂದ್ರೆ, ನಾವು ಒಂದೇ ಪ್ರಶ್ನೆ ಅಂದುಕೊಂಡಿದ್ದರಲ್ಲಿ ಮೂರು ಪ್ರಶ್ನೆಗಳಿವೆ.

ಮೊದಲನೆಯದು, ಇದು ತಪ್ಪು ಹೌದೋ ಅಲ್ಲವೋ? ಚೆಂಡು ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಬೇಕಂತಲೇ ಮುಟ್ಟಿದರೆ, ಅಂದ್ರೆ ಕೈಯನ್ನು ಚೆಂಡಿನ ಕಡೆ ಒಯ್ದರೆ, ಅದು ತಪ್ಪು. ಬೇಕಂತ ಮುಟ್ಟದಿದ್ದರೂ, ಆ ಕ್ಷಣದ ದೇಹದ ಚಲನೆಗೆ ಹೊಂದದ ಹಾಗೆ ಕೈ ಚಾಚಿ ದೇಹವನ್ನು ದೊಡ್ಡದು ಮಾಡಿಕೊಂಡಿದ್ದರೆ ಅದೂ ತಪ್ಪು. ತನ್ನ ಕೈಗೆ ತಾಗಿ ಚೆಂಡು ಗೋಲಾದರೆ ಆಕಸ್ಮಿಕವಾದರೂ ಗೋಲ್ ಇಲ್ಲ. ಕೈ ಎಲ್ಲಿಂದ ಶುರು ಅನ್ನೋದಕ್ಕೂ ಗೆರೆ ಇದೆ: ಕಂಕುಳಿನ ಕೆಳತುದಿ. ಅದರ ಮೇಲಿನ ಭುಜಕ್ಕೆ ಬಡಿದರೆ ಹ್ಯಾಂಡ್‌ಬಾಲೇ ಅಲ್ಲ.

ಎರಡನೆಯದು, ತಪ್ಪಿದ್ದು ಏನು? ತಪ್ಪಾದರೆ ಫ್ರೀ ಕಿಕ್ ಅಥವಾ ಪೆನಾಲ್ಟಿ ಸಿಗುತ್ತದೆ. ಕಾರ್ಡ್ ಬೇರೆ ಲೆಕ್ಕ. ರೆಡ್ ಕಾರ್ಡ್ ವಿಚಾರ ಬರೋದು ಆ ಕೈ ಒಂದು ಗೋಲನ್ನೋ, ಸ್ಪಷ್ಟವಾದ ಗೋಲ್ ಅವಕಾಶವನ್ನೋ ತಪ್ಪಿಸಿದಾಗ. ಸ್ಪಷ್ಟ ಅವಕಾಶ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ರೆಫ್ರಿ ನಾಲ್ಕು ವಿಷಯ ನೋಡಬೇಕು: ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಹೋಗುತ್ತಿತ್ತು, ಚೆಂಡು ಆಟಗಾರನ ಹಿಡಿತಕ್ಕೆ ಸಿಗುತ್ತಿತ್ತಾ, ಡಿಫೆಂಡರ್‌ಗಳು ಎಷ್ಟು ಜನ, ಎಲ್ಲಿದ್ದರು.

ಮೂರನೆಯದು, ಬೇಕಂತ ಮಾಡಿದ್ದಾ? 2024-25ರ ಸೀಸನ್ನಿನಿಂದ ಇಲ್ಲೊಂದು ಬದಲಾವಣೆ ಬಂದಿದೆ. ಬೇಕಂತ ಮಾಡದ ಹ್ಯಾಂಡ್‌ಬಾಲ್‌ನಿಂದ ಗೋಲ್ ತಪ್ಪಿ, ಪೆನಾಲ್ಟಿ ಕೊಟ್ಟರೆ, ಈಗ ಯೆಲ್ಲೋ ಕಾರ್ಡ್ ಮಾತ್ರ. ಬೇಕಂತ ಮಾಡಿದ್ದರೆ ರೆಡ್ಡೇ.

ಈ ಮೂರು ಪ್ರಶ್ನೆ ಇಟ್ಟುಕೊಂಡು 2010ರ ವಿಶ್ವಕಪ್ ನೋಡಿದರೆ ಮಜಾ ಇದೆ. ಆ ಒಂದೇ ಟೂರ್ನಿಯಲ್ಲಿ ಘಾನಾ ತಂಡದ ಎದುರು ಇಬ್ಬರು ಆಟಗಾರರು ಗೋಲ್ ಲೈನ್ ಮೇಲೆ ಹ್ಯಾಂಡ್‌ಬಾಲ್ ಮಾಡಿ ರೆಡ್ ಕಾರ್ಡ್ ತಗೊಂಡರು. ಜೂನ್ 19ರಂದು ಆಸ್ಟ್ರೇಲಿಯಾದ ಹ್ಯಾರಿ ಕ್ಯೂವೆಲ್ ಲೈನ್ ಮೇಲೆ ನಿಂತಿದ್ದಾಗ ಚೆಂಡು ಬಂದು ತೋಳಿಗೆ ಬಡಿಯಿತು. ರೆಡ್ ಕಾರ್ಡ್, ಪೆನಾಲ್ಟಿ. ಅಸಮೋವಾ ಗ್ಯಾನ್ ಗೋಲ್ ಹೊಡೆದರು, ಪಂದ್ಯ 1-1. ಜುಲೈ 2ರಂದು ಕ್ವಾರ್ಟರ್ ಫೈನಲ್, ಎದುರಾಳಿ ಉರುಗ್ವೆ. ಎಕ್ಸ್‌ಟ್ರಾ ಟೈಮಿನ ಕೊನೆಯ ಗಳಿಗೆಯಲ್ಲಿ ಅಡಿಯಾ ಹೊಡೆದ ಹೆಡರ್ ಅನ್ನು ಲೂಯಿಸ್ ಸುವಾರೆಜ್ ಎರಡೂ ಕೈಯಿಂದ ತಳ್ಳಿದರು. ರೆಡ್ ಕಾರ್ಡ್, ಪೆನಾಲ್ಟಿ. ಹೊಡೆಯಲು ಬಂದವರು ಅದೇ ಗ್ಯಾನ್. ಈ ಸಲ ಚೆಂಡು ಕ್ರಾಸ್‌ಬಾರ್‌ಗೆ ಬಡಿಯಿತು. ಶೂಟೌಟ್‌ನಲ್ಲಿ ಉರುಗ್ವೆ 4-2ರಿಂದ ಗೆದ್ದಿತು. ಆಫ್ರಿಕಾದ ಒಂದು ತಂಡ ವಿಶ್ವಕಪ್ ಸೆಮಿಫೈನಲ್ ನೋಡಲು 2022ರ ಮೊರಾಕೊ ತನಕ ಕಾಯಬೇಕಾಯಿತು.

ಅವತ್ತಿನ ರೂಲ್ ಪ್ರಕಾರ ಇಬ್ಬರಿಗೂ ಒಂದೇ ಶಿಕ್ಷೆ. ಇವತ್ತಿನ ರೂಲ್‌ನಲ್ಲಿ ಸುವಾರೆಜ್‌ಗೆ ಸಂಶಯವೇ ಇಲ್ಲದೆ ರೆಡ್. ಕ್ಯೂವೆಲ್ ಬೇಕಂತ ಮಾಡಲಿಲ್ಲ ಅಂತ ರೆಫ್ರಿಗೆ ಅನಿಸಿದ್ದರೆ ಯೆಲ್ಲೋ. ಎರಡರಲ್ಲೂ ಚೆಂಡು ಗೋಲಿಗೇ ಹೋಗ್ತಿತ್ತು, ಎರಡರಲ್ಲೂ ಕೈಗೆ ತಾಗಿದೆ. ಆದರೆ ಎರಡೂ ಒಂದೇ ಅಲ್ಲ ಅಂತ ರೂಲ್ ಬುಕ್ ಈಗ ಒಪ್ಪಿಕೊಂಡಿದೆ.

ಇನ್ನು ಎಕ್ಸ್‌ಪರ್ಟ್‌ಗಳ ವಿಷಯ. ನಮ್ಮ ತಕರಾರು ಅವರು ತಪ್ಪು ಹೇಳ್ತಾರೆ ಅಂತಲ್ಲ. ಯಾವ ಪ್ರಶ್ನೆಗೆ ಉತ್ತರ ಕೊಡ್ತಿದ್ದಾರೆ ಅಂತ ಎಷ್ಟೋ ಸಲ ಹೇಳೋದೇ ಇಲ್ಲ. "ನಾನು ಆಡ್ತಿದ್ದಾಗ ಇದೆಲ್ಲ ಕೊಡ್ತಿರಲಿಲ್ಲ" ಅನ್ನೋದು ನೆನಪು, ವಿಶ್ಲೇಷಣೆ ಅಲ್ಲ. ಅದಕ್ಕಿಂತ ಅಪಾಯ ಸ್ಲೋ ಮೋಷನ್. ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 72 ಕಿಮೀ ವೇಗದ ಶಾಟ್ ಅಂದ್ರೆ ಸೆಕೆಂಡಿಗೆ 20 ಮೀಟರ್. ಮೂರು ಮೀಟರ್ ದಾಟಲು ಅದಕ್ಕೆ ಬೇಕಾದ್ದು 0.15 ಸೆಕೆಂಡ್. ಕಣ್ಣಿಂದ ನೋಡಿ ಕೈ ಆಡಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅದನ್ನೇ ಹತ್ತು ಪಟ್ಟು ನಿಧಾನ ಮಾಡಿ ತೋರಿಸಿದರೆ ಒಂದೂವರೆ ಸೆಕೆಂಡ್ ಆಗುತ್ತೆ. ನೋಡೋರಿಗೆ "ಕೈ ತೆಗೆಯೋಕೆ ಟೈಮ್ ಇತ್ತಲ್ಲ" ಅನಿಸುತ್ತೆ. ಅದಕ್ಕೇ ವಿಎಆರ್ ನಿಯಮದಲ್ಲಿ, ಚೆಂಡು ಎಲ್ಲಿ ತಾಗಿತು ಅಂತ ನೋಡಲು ಸ್ಲೋ ಮೋಷನ್, ಹ್ಯಾಂಡ್‌ಬಾಲ್ ತಪ್ಪು ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಮಾಮೂಲಿ ವೇಗ ಅಂತ ಬರೆದಿದೆ.

ಹ್ಯಾಂಡ್‌ಬಾಲ್ ಅಲ್ಲದಿದ್ದರೂ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಐಎಸ್ಎಲ್ ಪ್ಲೇಆಫ್. ಎಕ್ಸ್‌ಟ್ರಾ ಟೈಮ್‌ನಲ್ಲಿ ಸುನಿಲ್ ಛೆಟ್ರಿ ತಕ್ಷಣ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರಗೆ ಹೋಯಿತು. ಆಮೇಲೆ ಆ ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ನಮ್ಮ ಹಾಸ್ಟೆಲ್‌ನಲ್ಲಿ ಇವತ್ತಿಗೂ ಇದರ ಬಗ್ಗೆ ವಾದ ನಡೆಯುತ್ತೆ: ಛೆಟ್ರಿ ಗ್ರೇಟಾ, ಮೋಸಾನಾ? ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ವಿಸಲ್ ಊದುವ ತನಕ ಕಾಯಿರಿ ಅಂತ ರೆಫ್ರಿ ಹೇಳಿದ್ದರಾ, ಇಲ್ಲವಾ? ಹೇಳಿರದಿದ್ದರೆ ತಕ್ಷಣ ಹೊಡೆಯುವುದು ನಿಯಮದಲ್ಲೇ ಇದೆ. ಒಳ್ಳೆಯ ಎಕ್ಸ್‌ಪರ್ಟ್ ಅಂದ್ರೆ ನಮ್ಮ ಪರ ಮಾತಾಡೋರಲ್ಲ, ಈ ಪ್ರಶ್ನೆಯನ್ನು ಮೊದಲು ಮುಂದಿಡೋರು.

ಈಗ ಭಂಕೂರದ ಆ ಸಂಜೆಗೆ ವಾಪಸ್ ಬರೋಣ. ತಪ್ಪಾಗಿತ್ತಾ? ಕೈ ಮೈಯಿಂದ ಸ್ವಲ್ಪ ದೂರ ಚಾಚಿತ್ತು, ಹೌದು, ಪೆನಾಲ್ಟಿ. ಗೋಲ್ ತಪ್ಪಿತಾ? ಹೌದು. ಬೇಕಂತ ಮಾಡಿದ್ದಾ? ಮೂರು ಮೀಟರ್ ದೂರದಿಂದ ಬಂದ ಶಾಟ್, ಅವನ ಕೈ ಚೆಂಡಿನ ಕಡೆ ಹೋಗಿರಲಿಲ್ಲ. ಇಲ್ಲ. ಅಂದ್ರೆ ಪೆನಾಲ್ಟಿ ಮತ್ತು ಯೆಲ್ಲೋ ಕಾರ್ಡ್. ರೆಡ್ ಅಲ್ಲ. 'ಚೀಟರ್' ಅನ್ನೋದಂತೂ ಯಾವ ನಿಯಮದಲ್ಲೂ ಇಲ್ಲ.

ಇದನ್ನು ನಾವು ಅವನಿಗೆ ಹೋಗಿ ಹೇಳಿದ್ವಿ, ಸಾರಿ ಕೂಡ ಕೇಳಿದ್ವಿ. "ಆಗ ಕೇಳಿದ್ರ ಹೇಳ್ತಿದ್ನಲ್ಲ" ಅಂದ, ಅಷ್ಟೇ. ಗ್ರೂಪಿನಲ್ಲಿ ಅವನ ಹೆಸರು ಬದಲಾಯಿಸಿದ್ವಿ. ಮುಂದಿನ ಸೆಲೆಕ್ಷನ್‌ಗೆ ಬರ್ತಾನೋ ಇಲ್ಲವೋ ನೋಡಬೇಕು.

ಇಂಟರ್ ಬ್ರಾಂಚ್ ಪಂದ್ಯಗಳು ಮತ್ತೆ ಶುರುವಾಗ್ತವೆ. ಅಲ್ಲಿ ರೆಫ್ರಿ ಆಗೋದು ನಮ್ಮದೇ ಯಾರೋ ಸೀನಿಯರ್. ವಿಎಆರ್ ಇಲ್ಲ, ಸ್ಲೋ ಮೋಷನ್ ಇಲ್ಲ. ಚೆಂಡು ಯಾರ ಕೈಗಾದರೂ ಬಡಿದರೆ, ಬೌಂಡರಿ ಹತ್ತಿರ ನಿಂತು ಕೂಗೋ ಮೊದಲು ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೂಗೋದು ಆಮೇಲೂ ಇದ್ದೇ ಇರುತ್ತೆ.