ಉಮ್ಮನ ಶುಗರ್, ಮಗನ ಶುಗರ್

ಜುಮಾ ಮುಗಿಸಿ ಮಸೀದಿಯ ಅಂಗಳದಲ್ಲಿ ನಿಂತರೆ ನಮ್ಮ ಸಕಲೇಶಪುರ, ಆಲೂರು ಕಡೆಯವರ ಮಾತು ಕಾಫಿ ದರ, ಮಳೆ, ಆನೆ ಎಂದು ಸುತ್ತಿ ಕೊನೆಗೆ ಶುಗರಿಗೆ ಬಂದು ನಿಲ್ಲುತ್ತದೆ. 'ನಿಮ್ಮದು ಎಷ್ಟು?' ಎಂದು ಕೇಳುತ್ತೇವೆ. ಆದರೆ ನಲವತ್ತರ ಮಗನಿಗೂ ಎಪ್ಪತ್ತೈದರ ಉಮ್ಮನಿಗೂ ಒಂದೇ ಅಳತೆ ಹಿಡಿಯುವುದು ಸರಿಯಲ್ಲ.

ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ ಎಚ್‌ಬಿಎ1ಸಿ. ಸಾಮಾನ್ಯವಾಗಿ ಅದು ಶೇ. 7ಕ್ಕಿಂತ ಕಡಿಮೆ ಇರಬೇಕೆನ್ನುತ್ತಾರೆ. ಮಗ ಇನ್ನೂ ಹಲವು ದಶಕ ಈ ಕಾಯಿಲೆಯೊಂದಿಗೆ ಬಾಳಬೇಕು, ಅವನಿಗೆ ಬಿಗಿ ಬೇಕು. ವಿಚಿತ್ರವೆಂದರೆ ಹಿರಿಯರಿಗಿಂತ ಕಿರಿಯರಲ್ಲೇ ಸಕ್ಕರೆ ಹತೋಟಿ ತಪ್ಪಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಉಮ್ಮನಿಗಾದರೋ ಹೃದಯ, ಮೂತ್ರಪಿಂಡದ ತೊಂದರೆಯೂ ಇದ್ದರೆ ವೈದ್ಯರು ಶೇ. 8ರವರೆಗೂ ಒಪ್ಪುತ್ತಾರೆ.

ಕಾರಣ, ಸಕ್ಕರೆ ಇಳಿಯುವ ಭಯ. ವಯಸ್ಸಾದಂತೆ ಮೂತ್ರಪಿಂಡ ನಿಧಾನವಾಗುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಯುವಕರಿಗೆ ಬೆವರು, ನಡುಕ, ಹಸಿವು ಗೊತ್ತಾಗುತ್ತದೆ. ಮುದುಕರಲ್ಲಿ ಅದು ಬರೀ ತಡವರಿಕೆ, ಮಂಕು, ತೂರಾಟವಾಗಿ ಕಾಣಬಹುದು. ನಾವು 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತೇವೆ. ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ಆ ತೂರಾಟ ಸೊಂಟದ ಮೂಳೆ ಮುರಿಯಲು ಸಾಕು. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ, ಅದರಲ್ಲಿ ನಮ್ಮ ತಪ್ಪೂ ಇದೆ. ಎಂಟಕ್ಕೆ ಮಾತ್ರೆ ನುಂಗಿ, ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿ ಬಡಿಸಿ, ತಾನು ತಿನ್ನುವಾಗ ಹನ್ನೊಂದು. ಸಕ್ಕರೆ ಇಳಿಯದೆ ಏನಾದೀತು? ಮುಟ್ಟು ನಿಲ್ಲುವ ಮೊದಲು ಹೆಣ್ಣಿನ ಹೃದಯಕ್ಕೆ ಇರುವ ರಕ್ಷಣೆಯನ್ನು ಮಧುಮೇಹ ಬಹುಪಾಲು ಕಿತ್ತುಕೊಳ್ಳುತ್ತದೆ. ಹೃದಯಾಘಾತ ಅವರಲ್ಲಿ ಎದೆನೋವಿಲ್ಲದೆ ಏದುಸಿರು, ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಬರಬಹುದು; 'ಗ್ಯಾಸ್' ಎಂದು ಸೋಡಾ ಕೊಟ್ಟು ಕೂರಬಾರದು. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾದ 6ರಿಂದ 12 ವಾರದೊಳಗೆ ಒಮ್ಮೆ, ಆಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಮಾತ್ರೆ ಏರಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸುವುದು ಒಳ್ಳೆಯದು.

ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಿರಲಿ, ಹತ್ತಿರದ ಸರಕಾರಿ ಆರೋಗ್ಯ ಕೇಂದ್ರವಿರಲಿ, 30 ದಾಟಿದವರಿಗೆ ಶುಗರ್ ತಪಾಸಣೆ ಉಚಿತ.

ಇನ್ನು ರಮಝಾನ್. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಬಳಸುವವರು ಚಂದ್ರದರ್ಶನದವರೆಗೆ ಕಾಯದೆ ರಜಬ್ ತಿಂಗಳಲ್ಲೇ ವೈದ್ಯರನ್ನು ಕಾಣಬೇಕು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಇಳಿದರೂ 300 ದಾಟಿದರೂ ಅಲ್ಲಿಗೇ ಉಪವಾಸ ಬಿಡಬೇಕು. ರೋಗಿಗೆ ಆ ರಿಯಾಯಿತಿ ದೀನ್ ಕೊಟ್ಟಿದೆ. ಇದನ್ನು ಉಮ್ಮನಿಗೆ ಮೊದಲೇ ಹೇಳಿ ಒಪ್ಪಿಸಿಡಿ. ಆ ಹೊತ್ತಿಗೆ ಹೇಳಿದರೆ ಅವರು ಕೇಳುವವರಲ್ಲ.