ಕುಮ್ಮಟದ ನೆಲ ಮತ್ತು ಕುಮಾರರಾಮ: ಕಾವ್ಯದ ತರುಣನ ವ್ಯಕ್ತಿತ್ವದಲ್ಲಿ ಪರಿಸರ ಹಾಗೂ ಸಮಾಜದ ಪಾತ್ರ

ಕಾವ್ಯದ ನಾಯಕನು ಹುಟ್ಟಿನಿಂದಲೇ ನಾಯಕನೋ, ಅಥವಾ ಬೆಳೆದು ನಾಯಕನಾಗುವನೋ ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನ ಲಾಕ್ಷಣಿಕರು ಹೆಚ್ಚು ಗಮನವಿತ್ತಂತೆ ಕಾಣುವುದಿಲ್ಲ. ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ಅವರು ನಾಯಕರನ್ನು ವಿಂಗಡಿಸಿದರು. ಆದರೆ ಒಬ್ಬ ಬಾಲಕನು ಯಾವ ಕಾರಣಗಳಿಂದ ಧೀರೋದಾತ್ತನಾದನೆಂಬುದನ್ನು ವಿಚಾರಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ವಿಮರ್ಶಕ ತೇನ್, ಸಾಹಿತ್ಯವನ್ನು ಜನಾಂಗ, ಪರಿಸರ, ಕಾಲ ಎಂಬ ಮೂರು ಕಾರಣಗಳಿಂದ ವಿವರಿಸಲು ಹೊರಟಾಗ ಈ ವಿಚಾರಕ್ಕೆ ಒಂದು ದಾರಿ ತೆರೆಯಿತು. ಆ ದಾರಿಯಲ್ಲಿ ಎಷ್ಟು ದೂರ ನಡೆಯಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನಮ್ಮದೇ ನಾಡಿನ ಒಬ್ಬ ತರುಣನ ಕಥೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ತರುಣನು ಕುಮ್ಮಟದ ಕುಮಾರರಾಮ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಗಳಿಗೆ ಅವನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೆ ತರಗತಿಯಲ್ಲಿ ಅವನ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ, ಅವನು ಯಾವ ಕುಲದವನು ಎಂಬುದು. ಒಂದಕ್ಕಿಂತ ಹೆಚ್ಚು ಸಮುದಾಯಗಳು ಅವನನ್ನು ತಮ್ಮವನೆಂದು ಕರೆದುಕೊಳ್ಳುತ್ತವೆ. ಈ ಅಭಿಮಾನವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕುಲವೊಂದರಿಂದಲೇ ವ್ಯಕ್ತಿತ್ವವನ್ನು ತಿಳಿಯಹೊರಟರೆ ಕಾವ್ಯವೂ ಕೈತಪ್ಪುವುದು, ಇತಿಹಾಸವೂ ಕೈತಪ್ಪುವುದು. ಆದುದರಿಂದ ‘ರಾಮನು ಯಾರ ಮಗ?’ ಎಂಬುದರ ಜೊತೆಗೆ ‘ರಾಮನನ್ನು ರೂಪಿಸಿದುದು ಯಾವುದು?’ ಎಂದೂ ಕೇಳುವುದು ಅವಶ್ಯಕ.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತುಂಗಭದ್ರೆಯ ಎರಡು ದಡಗಳಲ್ಲಿ ಮುಮ್ಮಡಿ ಸಿಂಗನ ಮನೆತನ ತಲೆಯೆತ್ತಿತು. ಅವನ ಮಗ ಕಂಪಿಲರಾಯ. ಇವನ ಮಗ ರಾಮನಾಥ. ಗಂಗಾವತಿಯ ಸೀಮೆಯಲ್ಲಿರುವ ಕುಮ್ಮಟದುರ್ಗ ಮತ್ತು ಸೊಂಡೂರಿನ ಬೆಟ್ಟಸಾಲಿನ ಹೊಸಮಲೆದುರ್ಗ ಇವರ ಆಶ್ರಯಸ್ಥಾನಗಳು. 1318ರಲ್ಲಿ ದೇವಗಿರಿಯ ಸೇವುಣರ ಆಳಿಕೆ ಕೊನೆಗೊಂಡಿತು. 1323ರಲ್ಲಿ ಓರುಗಲ್ಲು ಬಿದ್ದಿತು. ದಕ್ಷಿಣದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನು ಕಂಪಿಲನೊಡನೆ ಕಾದುತ್ತಲೇ ಇದ್ದನು. ಈ ನಡುವೆ ಸಗರದ ಅಧಿಕಾರಿಯೂ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಬಂಧುವೂ ಆಗಿದ್ದ ಬಹಾವುದ್ದೀನ್ ಗುರ್ಷಾಸ್ಪನು ದಂಗೆಯೆದ್ದು, ಸೋತು, ಕಂಪಿಲನ ಮೊರೆಹೊಕ್ಕನು. ಮರೆಹೊಕ್ಕವನನ್ನು ಕಂಪಿಲನು ಬಿಟ್ಟುಕೊಡಲಿಲ್ಲ. ದೆಹಲಿಯ ಸೈನ್ಯ ಮರಳಿ ಮರಳಿ ಏರಿಬಂದು, ಸುಮಾರು 1327ರಲ್ಲಿ ಆ ರಾಜ್ಯ ನಾಶವಾಯಿತು. ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದರು. ರಾಯನು ಹೋರಾಡಿ ಮಡಿದನು.

ಈ ಘಟನೆಗೆ ಸುಮಾರು ಎರಡು ಶತಮಾನಗಳ ತರುವಾಯ ನಂಜುಂಡಕವಿ ತನ್ನ ರಾಮನಾಥಚರಿತೆಯನ್ನು ಸಾಂಗತ್ಯದಲ್ಲಿ ಬರೆದನು. ಆಮೇಲೆ ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರೂ ಇದೇ ವಸ್ತುವನ್ನು ಹಾಡಿದರು. ಎನ್. ವೆಂಕಟರಮಣಯ್ಯನವರು 1929ರಲ್ಲಿ ಕಂಪಿಲಿ ಮತ್ತು ವಿಜಯನಗರಗಳ ಸಂಬಂಧವನ್ನು ಕುರಿತು ಬರೆದ ಗ್ರಂಥವೂ, ಜಿ. ವರದರಾಜರಾಯರು ಸಾಂಗತ್ಯಗಳ ಮೇಲೆ ನಡೆಸಿದ ಅಧ್ಯಯನವೂ ಈ ಕಾವ್ಯಗಳ ಬೆಲೆಯನ್ನು ವಿದ್ವಾಂಸರಿಗೆ ತೋರಿಸಿಕೊಟ್ಟವು.

ಈಗ ಪರಿಸರದ ವಿಚಾರ. ಕುಮ್ಮಟದ ಸುತ್ತಣ ನೆಲವನ್ನು ಕಂಡವರಿಗೆ ಕಾವ್ಯದ ಅರ್ಧ ಅರ್ಥವಾಗುತ್ತದೆ. ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳು, ಅವುಗಳ ನಡುವೆ ಕುರುಚಲು ಕಾಡು, ಕಣಿವೆಯಲ್ಲಿ ತುಂಡು ಹೊಲಗಳು, ಸ್ವಲ್ಪ ದೂರದಲ್ಲಿ ನದಿ. ಉತ್ತರಕ್ಕೆ ಕುಷ್ಟಗಿ, ಯಲಬುರ್ಗಾಗಳ ಕಡೆ ನಡೆದರೆ ಮಳೆಯನ್ನೇ ನಂಬಿದ ಬಯಲು. ಇಂಥ ನೆಲವು ದೊಡ್ಡ ಸೈನ್ಯವನ್ನು ಸಾಕಲಾರದು. ಆದರೆ ಸಣ್ಣ ಪಡೆಯನ್ನು ಅಡಗಿಸಿ ಕಾಪಾಡಬಲ್ಲದು. ಗದ್ದೆಯ ಬೆಳೆಯಿಂದ ಬೊಕ್ಕಸ ತುಂಬದ ಕಡೆ ದನಕರು, ಕುದುರೆ, ಕಪ್ಪಕಾಣಿಕೆಗಳೇ ಸಂಪತ್ತು. ಆದುದರಿಂದ ಕಾವ್ಯದಲ್ಲಿ ರಾಮನ ತಾರುಣ್ಯವು ಉದ್ಯಾನದಲ್ಲಿ ಕಳೆಯುವುದಿಲ್ಲ; ಬೇಟೆ, ಕುದುರೆ, ಗಡಿಯ ಕಾಳಗಗಳಲ್ಲಿ ಕಳೆಯುತ್ತದೆ. ಗುತ್ತಿಯ ಜಗದಪನೊಡನೆ ಅವನ ಸೆಣಸಾಟ, ಬೊಲ್ಲನೆಂಬ ಕುದುರೆಗಾಗಿ ಓರುಗಲ್ಲಿನವರೆಗೆ ಚಾಚಿದ ಅವನ ಹಂಬಲ, ಇವೆಲ್ಲ ಆ ನೆಲದ ಆರ್ಥಿಕ ಸ್ಥಿತಿಯ ಕಾವ್ಯರೂಪಗಳೆಂದರೆ ತಪ್ಪಾಗಲಾರದು. ಅವನ ಹೆಸರು ಕೂಡ ನೆಲದಿಂದಲೇ ಬಂದುದು: ಮನೆತನದ ಆರಾಧ್ಯದೈವವು ಬೆಟ್ಟದ ಮೇಲಿನ ಜಟಿಂಗರಾಮೇಶ್ವರ.

ಪರಿಸರವು ಶರೀರವನ್ನೂ ಸಾಹಸವನ್ನೂ ಕೊಟ್ಟಿತು. ಶೀಲವನ್ನು ಕೊಟ್ಟುದು ಯಾವುದು? ಇಲ್ಲಿ ಸಮಾಜದ ಕಡೆಗೆ ತಿರುಗಬೇಕು. ರಾಮನು ‘ಪರನಾರೀ ಸಹೋದರ’ನೆಂದು ಹೆಸರಾದವನು. ಕಥೆಯ ಕೇಂದ್ರಘಟನೆಯೂ ಇದಕ್ಕೆ ಸಂಬಂಧಿಸಿದುದೇ. ಚೆಂಡಾಟದಲ್ಲಿ ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಪ್ಪದಿರಲು ಅಪವಾದ ಹೊರಿಸುತ್ತಾಳೆ. ಕಂಪಿಲನು ವಿಚಾರಿಸದೆ ಮಗನ ತಲೆ ತೆಗೆಯಲು ಆಜ್ಞೆಮಾಡುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಗುಟ್ಟಾಗಿ ಅಡಗಿಸಿಟ್ಟು, ಬೇರೊಂದು ತಲೆಯನ್ನು ತೋರಿಸಿ ರಾಯನನ್ನು ನಂಬಿಸುತ್ತಾನೆ.

ಈ ಆಶಯವು ನಮ್ಮದೊಂದೇ ಅಲ್ಲವೆಂಬುದು ವಾಚಕರಿಗೆ ವಿದಿತವೇ. ಕ್ರಿ. ಪೂ. 428ರಲ್ಲಿ ಯೂರಿಪಿಡೀಸನು ರಂಗಕ್ಕೆ ತಂದ ಹಿಪ್ಪೊಲಿಟಸನ ಕಥೆ ಇದೇ. ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆಯರ ಬೌದ್ಧಕಥೆಯೂ ಇದೇ. ಆ ಅಶೋಕನ ಧರ್ಮಲಿಪಿಗಳು ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇಂದಿಗೂ ನಿಂತಿವೆ. ಆಂಧ್ರದ ಸಾರಂಗಧರನ ಕಥೆಯೂ ಇದೇ. ಆಶಯವೊಂದೇ ಆದರೂ ನಾಲ್ವರು ತರುಣರ ಗತಿ ಒಂದೇ ಅಲ್ಲ. ಹಿಪ್ಪೊಲಿಟಸನು ತಂದೆಯ ಶಾಪದಿಂದ ಸಾಯುತ್ತಾನೆ, ಏಕೆಂದರೆ ಅವನು ದೇವತೆಗಳ ಕಲಹದ ನಡುವೆ ಸಿಕ್ಕಿದವನು. ಕುಣಾಲನು ಕಣ್ಣು ಕಳೆದುಕೊಂಡು, ಕೀಳಿಸಿದವಳನ್ನೇ ಕ್ಷಮಿಸುತ್ತಾನೆ, ಏಕೆಂದರೆ ಅವನ ಕಥೆಯನ್ನು ಹೇಳಿದವರು ಭಿಕ್ಷುಗಳು. ಕೈಕಾಲು ಕಡಿಸಿಕೊಂಡ ಸಾರಂಗಧರನು ಸಿದ್ಧರ ಕೃಪೆಯಿಂದ ಯೋಗಿಯಾಗುತ್ತಾನೆ, ಏಕೆಂದರೆ ಆ ಕಥೆ ನಾಥಪಂಥದಲ್ಲಿ ಬೆಳೆಯಿತು. ರಾಮನಾದರೋ ಅಡಗುತಾಣದಿಂದ ಎದ್ದುಬಂದು, ತನ್ನನ್ನು ಕೊಲ್ಲಿಸಲೆಳಸಿದ ತಂದೆಯ ಕೋಟೆಯನ್ನೇ ಕಾಯುತ್ತಾನೆ. ಶತ್ರುವು ಬಾಗಿಲಿಗೆ ಬಂದಿರುವ ಗಡಿನಾಡಿನ ಸಮಾಜದಲ್ಲಿ ಅನ್ಯಾಯಕ್ಕೊಳಗಾದ ಮಗನಿಗೆ ವೈರಾಗ್ಯಕ್ಕೂ ಅವಕಾಶವಿಲ್ಲ, ಸೇಡಿಗೂ ಅವಕಾಶವಿಲ್ಲ. ಒಂದೇ ಬೀಜವು ನಾಲ್ಕು ನೆಲಗಳಲ್ಲಿ ನಾಲ್ಕು ಬಗೆಯಾಗಿ ಬೆಳೆದುದು ಇಲ್ಲಿ ಸ್ಪಷ್ಟವಾಗುತ್ತದೆ.

ಪರನಾರೀ ಸಹೋದರತ್ವವೂ ಬರಿಯ ವೈಯಕ್ತಿಕ ವ್ರತವಲ್ಲ. ದಾಳಿಯಾದ ಊರಿನಲ್ಲಿ ದನಗಳೊಡನೆ ಹೆಂಗಸರೂ ಸೆರೆಹೋಗುತ್ತಿದ್ದ ಕಾಲವದು. ಅದನ್ನು ಕಂಡ ಜನ ತಮ್ಮ ಆದರ್ಶ ವೀರನಲ್ಲಿ ಬಯಸಿದುದು ಭುಜಬಲವನ್ನು ಮಾತ್ರವಲ್ಲ. ಭುಜಬಲವಿದ್ದೂ ಹೆಣ್ಣಿನ ಮೇಲೆ ಕೈಮಾಡದ ಸಂಯಮವನ್ನು. ಮರೆಹೊಕ್ಕವನನ್ನು ಕಾಯುವ ಧರ್ಮವೂ ಹೀಗೆಯೇ. ದೊಡ್ಡ ಸಾಮ್ರಾಜ್ಯಕ್ಕೆ ಸೈನ್ಯವೇ ಆಧಾರ. ಸಣ್ಣ ಪಾಳೆಯಕ್ಕೆ ಮಾತೇ ಆಧಾರ.

ಇಲ್ಲಿ ರತ್ನಾಜಿಯ ವಿಷಯದಲ್ಲಿ ಒಂದು ಮಾತು ಹೇಳುವುದು ಅಗತ್ಯ. ಕಾವ್ಯಪರಂಪರೆ ಅವಳನ್ನು ಕಳಂಕಿನಿಯೆಂದಷ್ಟೇ ಕಂಡಿದೆ. ಆದರೆ ಪರಿಸರ, ಸಮಾಜಗಳ ತಕ್ಕಡಿಯನ್ನು ರಾಮನಿಗೆ ಹಿಡಿದ ಮೇಲೆ ಅವಳಿಗೂ ಹಿಡಿಯಬೇಕಾದುದು ನ್ಯಾಯ. ವಯಸ್ಸಾದ ರಾಯನಿಗೆ, ಅನೇಕ ರಾಣಿಯರ ನಡುವೆ, ಕಿರಿಯ ಹೆಂಡತಿಯಾಗಿ ಬಂದ ತರುಣಿ ಅವಳು. ರಾಮನಿಗೆ ಬೇಟೆಯ ಕಾಡು, ಚೆಂಡಾಟದ ಬಯಲು, ಒಡನಾಡಿಯಾದ ಕಾಟಣ್ಣ, ಇಷ್ಟೆಲ್ಲ ಇದ್ದುವು. ಅವಳಿಗೆ ಇದ್ದುದು ಅಂತಃಪುರದ ನಾಲ್ಕು ಗೋಡೆಗಳು ಮಾತ್ರ. ಅವಳ ಅಪರಾಧವನ್ನು ಇದು ಅಳಿಸಲಾರದು. ನಿರಪರಾಧಿಯ ಕೊಲೆಗೆ ಅವಳು ಕಾರಣಳಾಗಲಿದ್ದಳು. ಆದರೂ ಅದೇ ಸಮಾಜವು ಗಂಡುಮಗುವಿಗೆ ವ್ಯಕ್ತಿತ್ವವನ್ನು ಬೆಳೆಸಿಕೊಳ್ಳುವ ಅವಕಾಶವನ್ನಿತ್ತು, ಹೆಣ್ಣಿಗೆ ಅದನ್ನು ನಿರಾಕರಿಸಿತೆಂಬುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ತಿಳಿಸದೆ ಹೋದರೆ ಪಾಠ ಅರ್ಧವಾಗುವುದು.

ಪರಿಸರದ ಶಕ್ತಿಗೆ ಇನ್ನೊಂದು ನಿದರ್ಶನವು ಕಾವ್ಯದ ಹೊರಗೆ ದೊರೆಯುತ್ತದೆ. ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತನು ಕಂಪಿಲನ ಪತನವನ್ನು ವರ್ಣಿಸಿ, ರಾಯನ ಹನ್ನೊಂದು ಮಂದಿ ಮಕ್ಕಳನ್ನು ದೆಹಲಿಗೆ ಒಯ್ದರೆಂದೂ, ಅವರೆಲ್ಲರೂ ಇಸ್ಲಾಂ ಸ್ವೀಕರಿಸಿದರೆಂದೂ, ಸುಲ್ತಾನನು ಅವರನ್ನು ಅಮೀರರನ್ನಾಗಿ ಮಾಡಿ ಗೌರವಿಸಿದನೆಂದೂ ಹೇಳಿದ್ದಾನೆ. ಅವರಲ್ಲಿ ನಸ್ರ್, ಬಖ್ತಿಯಾರ್, ಅಬೂ ಮುಸ್ಲಿಂ ಎಂಬ ಮೂವರನ್ನು ಅವನು ಕಂಡಿದ್ದನು. ಅಬೂ ಮುಸ್ಲಿಮನೊಡನೆ ಅವನಿಗೆ ಸ್ನೇಹವೂ ಇದ್ದಿತು. ಒಂದೇ ಮನೆಯ ಮಕ್ಕಳು: ಒಬ್ಬನು ಕುಮ್ಮಟದ ಹಾಡಿನಲ್ಲಿ ಉಳಿದನು, ಇತರರು ದೆಹಲಿಯ ಆಸ್ಥಾನದಲ್ಲಿ ಬೇರೆ ಹೆಸರು, ಬೇರೆ ಮತ, ಬೇರೆ ಪದವಿಗಳಿಂದ ಬಾಳಿದರು. ಕುಲವೇ ವ್ಯಕ್ತಿತ್ವವನ್ನು ನಿರ್ಣಯಿಸುವುದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ. ನಮ್ಮ ಕಾವ್ಯಗಳು ಈ ಮಕ್ಕಳ ಕಥೆಯನ್ನು ಹಾಡಲಿಲ್ಲ. ಜನರ ನೆನಪು ತನಗೆ ಬೇಕಾದ ತರುಣನನ್ನು ಆರಿಸಿಕೊಂಡಿತು.

ಹಾಗೆಂದ ಮಾತ್ರಕ್ಕೆ ಮನುಷ್ಯನು ಪರಿಸರದ ಕೈಗೊಂಬೆಯೆಂದು ತೀರ್ಮಾನಿಸುವುದು ಸರಿಯಾಗದು. ಕುಮ್ಮಟದ ಬಂಡೆಗಳು ರಾಮನಂತೆ ನೂರಾರು ತರುಣರನ್ನು ಬೆಳೆಸಿದುವು, ಎಲ್ಲರೂ ರಾಮನಾಗಲಿಲ್ಲ. ಕಂಪಿಲನೂ ಅದೇ ನೆಲದವನು; ಶತ್ರುವಿಗೆ ಬಗ್ಗದವನು ಒಂದು ಚಾಡಿಮಾತಿಗೆ ಬಗ್ಗಿದನು. ಬೈಚಪ್ಪನೂ ಅದೇ ಅರಮನೆಯವನು. ರಾಜಾಜ್ಞೆಯನ್ನು ಮೀರಿ ನ್ಯಾಯವನ್ನು ಕಾದನು. ಪರಿಸರವು ದಾರಿಗಳನ್ನು ಮುಂದಿಡುತ್ತದೆ. ಸಮಾಜವು ಅವುಗಳಲ್ಲಿ ಕೆಲವಕ್ಕೆ ಬೇಲಿ ಹಾಕುತ್ತದೆ. ನಡೆಯುವವನು ಮಾತ್ರ ಮನುಷ್ಯನೇ. ಚೆಂಡನ್ನು ತರಲು ಹೋದ ರಾಮನು ರತ್ನಾಜಿಯ ಎದುರಿನಲ್ಲಿ ಒಬ್ಬನೇ ನಿಂತಿದ್ದ ಆ ಗಳಿಗೆಯೇ ಕಾವ್ಯದ ಜೀವಸ್ಥಾನವಾಗಿರುವುದು ಈ ಕಾರಣದಿಂದ.

ಇನ್ನು ಒಂದು ಎಚ್ಚರಿಕೆ. ನಾವು ಓದುವ ರಾಮನು 1327ರ ರಾಮನಷ್ಟೇ ಅಲ್ಲ. ವಿಜಯನಗರದ ಕಾಲದ ನಂಜುಂಡನ ರಾಮನೂ ಅಹುದು. ಕವಿಯ ಕಾಲದ ಆಸೆ, ಭಯ, ಅಭಿಮಾನಗಳೂ ಆ ಪಾತ್ರದೊಳಗೆ ಸೇರಿವೆ. ಸಾಂಗತ್ಯವು ಹಾಡಿಕೆಗೆ ಒಗ್ಗಿದ ಛಂದಸ್ಸಾದುದರಿಂದ ಕೇಳುಗರ ಒಲವೂ ಅದರಲ್ಲಿ ಬೆರೆತಿರುವುದು ಸಹಜ. ಪಾತ್ರದ ಪರಿಸರ, ಕವಿಯ ಪರಿಸರ, ಕೇಳುಗರ ಪರಿಸರ ಎಂಬ ಈ ಮೂರನ್ನೂ ಬೇರ್ಪಡಿಸಿ ನೋಡುವುದು ಇತಿಹಾಸದ ವಿದ್ಯಾರ್ಥಿ ಸಾಹಿತ್ಯಕ್ಕೆ ಸಲ್ಲಿಸಬಹುದಾದ ಸೇವೆ.

ಈ ಸೀಮೆಯ ಪರಿಸರವೂ ಇಂದು ಹಳೆಯದಾಗಿ ಉಳಿದಿಲ್ಲ. 1948ರವರೆಗೆ ಇದು ಬಹುಮಟ್ಟಿಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಕನ್ನಡ ಮಾತಾಡುವ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿದ್ದಿತು. 1956ರಲ್ಲಿ ಕನ್ನಡನಾಡಿಗೆ ಸೇರಿದ ಈ ಭಾಗ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯ ಬಯಲನ್ನು ಬತ್ತದ ಕಣಜವಾಗಿಸಿತು. ಕುಷ್ಟಗಿ, ಯಲಬುರ್ಗಾಗಳ ಅನೇಕ ಹಳ್ಳಿಗಳು ಇನ್ನೂ ಮೋಡವನ್ನೇ ನೋಡುತ್ತಿವೆ. ಬೆಳೆ ಕೈಕೊಟ್ಟ ವರ್ಷ ಅಲ್ಲಿಯ ತರುಣರು ದುಡಿಮೆಗಾಗಿ ದೂರದ ಊರುಗಳಿಗೆ ಹೋಗುತ್ತಾರೆ. ನೆರೆಹೊರೆಯ ತಾಲ್ಲೂಕುಗಳ ಇಬ್ಬರು ವಿದ್ಯಾರ್ಥಿಗಳು ಒಂದೇ ಬೆಂಚಿನ ಮೇಲೆ ಕುಳಿತಿದ್ದರೂ ಅವರ ಬಾಲ್ಯಗಳು ಬೇರೆ ಬೇರೆ. ಒಂದು ಸಣ್ಣ ಕೆಲಸವನ್ನು ಸೂಚಿಸಬಹುದು: ಕುಮಾರರಾಮನ ಕಥೆಯನ್ನು ಓದಿದ ವಿದ್ಯಾರ್ಥಿಯು ತನ್ನೂರಿನ ಹಿರಿಯರಿಂದ ಆ ಕಥೆಯನ್ನು ಕೇಳಿ ಬರೆದುಕೊಳ್ಳಲಿ, ತನ್ನ ಊರು ಯಾವುದನ್ನು ಉಳಿಸಿಕೊಂಡಿದೆ, ಯಾವುದನ್ನು ಮರೆತಿದೆ ಎಂದು ಹೋಲಿಸಲಿ. ರಾಮನು ಯಾರವನೆಂಬ ಪ್ರಶ್ನೆಯಿಂದ ಹೊರಟವನು, ತನ್ನನ್ನು ರೂಪಿಸಿದುದು ಯಾವುದೆಂಬ ಪ್ರಶ್ನೆಗೆ ಬಂದು ಮುಟ್ಟಿದರೆ ಸಾಹಿತ್ಯಾಭ್ಯಾಸವು ಸಾರ್ಥಕವಾದಂತೆ.