ಅಪ್ಪನ ಕಾರಿಗೆ ನಾಲ್ಕು ಟೈರು

2024ರ ಜುಲೈ. ಅಜ್ಜಿಯನ್ನು ಕಣ್ಣಿನ ತಪಾಸಣೆಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೊರಟಿದ್ದೆವು. ತೀರ್ಥಹಳ್ಳಿ ಬಿಟ್ಟಾಗಿನಿಂದ ಹಿಡಿದ ಮಳೆ ಆಗುಂಬೆಯಲ್ಲೂ ಬಿಟ್ಟಿರಲಿಲ್ಲ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿದಿದ್ದವೋ ಏನೋ, ಎದುರಿಗೆ ಬಂದ ವ್ಯಾನಿಗೆ ದಾರಿ ಬಿಡಲು ಅಪ್ಪ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಸೋಪಿನ ಮೇಲೆ ಕಾಲಿಟ್ಟಂತೆ ಸೊಯ್ಯನೆ ಜಾರಿ ತಡೆಗೋಡೆಗೆ ಒಂದು ಅಡಿ ದೂರದಲ್ಲಿ ಹೋಗಿ ನಿಂತಿತು. ಅಜ್ಜಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು. ಅಪ್ಪ ಮಾತಾಡಲಿಲ್ಲ. ಸ್ಟೇರಿಂಗ್ ಮೇಲಿದ್ದ ಅವರ ಕೈ ನಡುಗುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ.

ಮರುದಿನ ಊರಿನ ಮೆಕ್ಯಾನಿಕ್ ಬ್ರೇಕ್ ಪರೀಕ್ಷಿಸಿ, ‘ಬ್ರೇಕ್ ಚೆನ್ನಾಗಿದೆ ಸ್ವಾಮಿ, ಟೈರ್ ನೋಡಿ’ ಎಂದ. ‘ಟೈರೇನು ಬೋಳಾಗಿಲ್ಲವಲ್ಲ ಮಾರಾಯ’ ಎಂದರು ಅಪ್ಪ. ನಿಜ. ಟೈರಿನ ಗಾಡಿಗಳ ನಡುವೆ ಸಣ್ಣ ಉಬ್ಬುಪಟ್ಟಿಗಳಿರುತ್ತವೆ. ಸವೆದು ಸವೆದು ಮೇಲ್ಮೈ ಆ ಪಟ್ಟಿಯ ಸಮಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಆಳ ಮಾತ್ರ, ಕಾನೂನಿನ ಪ್ರಕಾರವೂ ಟೈರ್ ಬದಲಿಸಲೇಬೇಕು. ನಮ್ಮದು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಆದರೆ ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದ್ದು ಬದಿಯಲ್ಲಿದ್ದ ನಾಲ್ಕು ಅಂಕಿಗಳನ್ನು: 3116. ಮೊದಲೆರಡು ವಾರ, ಕೊನೆಯೆರಡು ವರ್ಷ. 2016ರ 31ನೇ ವಾರ ತಯಾರಾದ ಟೈರು! ನಾವು ಕಾರು ಕೊಂಡಿದ್ದು 2019ರಲ್ಲಿ, ಅದೂ ಸೆಕೆಂಡ್ ಹ್ಯಾಂಡ್. ಎಂಟು ವರ್ಷ ಬಿಸಿಲು, ಗಾಳಿ ಕುಡಿದ ರಬ್ಬರ್ ಗಟ್ಟಿಯಾಗಿ, ಬದಿಗಳಲ್ಲಿ ಅಜ್ಜಿಯ ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವಳು. ಟೈರೆಂದರೆ ಕಪ್ಪಗೆ, ದುಂಡಗೆ ಇರುತ್ತದೆ ಎನ್ನುವುದಷ್ಟೇ ಗೊತ್ತಿತ್ತು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಕಾರೆಂದರೆ ಪ್ರಾಣ ಅವನಿಗೆ. ‘ಪರ್ಫಾರ್ಮೆನ್ಸ್ ಟೈರ್ ಹಾಕ್ಸೇ. ಹದಿನಾರು ಇಂಚಿನ ಅಲಾಯ್ ತಗೊಂಡು 205/50 ಹಾಕ್ಸಿದ್ರೆ ಗಾಡಿ ರೋಡಿಗೆ ಅಂಟ್ಕೊಂಡೇ ಹೋಗತ್ತೆ. ಲುಕ್ ಕೂಡ ಸೂಪರ್’ ಎಂದ. ಫೋಟೊ ಕಳಿಸಿದ. ನಿಜಕ್ಕೂ ಚೆನ್ನಾಗಿತ್ತು! ಆ ರಾತ್ರಿ ನಮ್ಮ ಹಳೇ ಕಾರಿಗೆ ಅಗಲದ ಟೈರ್ ಹಾಕಿ ಕಾಲೇಜಿನ ಮುಂದೆ ಇಳಿದಂತೆ ಕನಸೂ ಬಿತ್ತು.

ಬೆಳಿಗ್ಗೆ ಎದ್ದು ಪೆನ್ನು, ಹಾಳೆ ಹಿಡಿದು ಕೂತೆ. ಕಾಮರ್ಸ್ ಓದಿದ್ದಕ್ಕೆ ಲೆಕ್ಕವಾದರೂ ಬರಬೇಕಲ್ಲ. ನಮ್ಮ ಟೈರಿನ ಮೇಲಿದ್ದದ್ದು 185/65 R15 88. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಬದಿಯ ಎತ್ತರ, ಅಗಲದ ಶೇ 65ರಷ್ಟು. ಅಂದರೆ ಸುಮಾರು 120 ಮಿ.ಮೀ. R ಎಂದರೆ ರೇಡಿಯಲ್, 15 ಎಂದರೆ ರಿಮ್ಮಿನ ಇಂಚು. ಅಣ್ಣ ಹೇಳಿದ 205/50ರಲ್ಲಿ ಬದಿಯ ಎತ್ತರ ಬರೀ 102 ಮಿ.ಮೀ. ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಇರುವ ಮೆತ್ತೆಯೇ ಆ ಬದಿ. ಮಳೆಗಾಲದಲ್ಲಿ ನಮ್ಮೂರಿನ ರಸ್ತೆ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ!

ಕೊನೆಯ 88 ಭಾರದ ಸಂಕೇತ: ಒಂದು ಟೈರು ಗರಿಷ್ಠ 560 ಕೆ.ಜಿ. ಹೊರಬಲ್ಲದು. ಅಣ್ಣ ಕಳಿಸಿದ ಫೋಟೊದ ಟೈರಿನಲ್ಲಿ ಇದ್ದದ್ದು 87, ಅಂದರೆ 545 ಕೆ.ಜಿ. ನೋಡಲು ದಪ್ಪ, ಹೊರುವುದು ಕಮ್ಮಿ. ಐದು ಜನ, ಅಜ್ಜಿಯ ಚೀಲ, ಅತ್ತೆ ಮನೆಗೆ ಒಯ್ಯುವ ಬಾಳೆಗೊನೆ ಎಲ್ಲ ಇದರ ಮೇಲೇ ಕೂರಬೇಕು. ಜೊತೆಗೆ ಹೊಸ ರಿಮ್ಮಿನ ಖರ್ಚು ಬೇರೆ. ಅಣ್ಣನ ಟೈರು ಅಣ್ಣನ ರಸ್ತೆಗೆ ಸರಿ, ನಮ್ಮ ರಸ್ತೆಗಲ್ಲ.

ಹಾಗಾದರೆ ಪರ್ಫಾರ್ಮೆನ್ಸ್ ಬೇಡವೇ? ಬೇಕು. ಆದರೆ ನಮಗೆ ಬೇಕಾದದ್ದು ಓಡುವ ಸಾಮರ್ಥ್ಯವಲ್ಲ, ಒದ್ದೆಯಲ್ಲಿ ನಿಲ್ಲುವ ಸಾಮರ್ಥ್ಯ. ಆ ಬಗೆಯ ಟೈರಿನಲ್ಲಿ ರಬ್ಬರ್ ಮೆದು, ಹಾಗಾಗಿ ಹಿಡಿತ ಹೆಚ್ಚು. ಅದಕ್ಕೆ ಬೆಲೆಯೂ ಇದೆ, ಬೇಗ ಸವೆಯುತ್ತದೆ. ಅಪ್ಪ ವರ್ಷಕ್ಕೆ ಓಡಿಸುವುದು ಹೆಚ್ಚೆಂದರೆ ಆರು ಸಾವಿರ ಕಿ.ಮೀ. ನಮ್ಮ ಟೈರು ಸವೆದು ಸಾಯುವುದಿಲ್ಲ, ಮುಪ್ಪಾಗಿ ಸಾಯುತ್ತದೆ. ಅಂದಮೇಲೆ ಹೆಚ್ಚು ಬಾಳಿಕೆಯ ಗಟ್ಟಿ ರಬ್ಬರಿಗೆ ದುಡ್ಡು ಸುರಿಯುವುದೇಕೆ? ಅದೇ 185/65 R15 ಅಳತೆಯಲ್ಲಿ, ನೀರು ಹೊರಹಾಕಲು ಉದ್ದಕ್ಕೂ ಅಗಲದ ಗಾಡಿಗಳಿರುವ ಮೆದು ರಬ್ಬರಿನ ಟೈರನ್ನೇ ಆರಿಸಿದೆ. ನೀರಿಗೆ ಹೋಗಲು ದಾರಿ ಇಲ್ಲದಿದ್ದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಅದರ ಮೇಲೆ 88H ಎಂದಿತ್ತು. H ಎಂದರೆ ಗಂಟೆಗೆ 210 ಕಿ.ಮೀ. ವೇಗ ತಡೆಯುತ್ತದೆ ಎಂದು ವಿವರಿಸಿದೆ. ‘ಆಗುಂಬೆಯಲ್ಲಿ ಇಪ್ಪತ್ತರಲ್ಲಿ ಹೋದರೆ ಜಾಸ್ತಿ ಕಣೇ’ ಎಂದು ಅಪ್ಪ ನಕ್ಕರು. ಜಾರಿದ ದಿನದ ನಂತರ ಅವರು ನಕ್ಕಿದ್ದು ಅಂದೇ.

ನಗು ನಿಂತದ್ದು ಬೆಲೆ ಕೇಳಿದಾಗ. ನಾಲ್ಕಕ್ಕೆ ಎಲ್ಲ ಸೇರಿ 24 ಸಾವಿರ. ‘ಈಗ ಎರಡು ಹಾಕ್ಸೋಣ, ಅಡಿಕೆ ಮಾರಿದ ಮೇಲೆ ಇನ್ನೆರಡು’ ಎಂದರು. ಎರಡೇ ಹೊಸದಾದರೆ ಅವನ್ನು ಹಿಂದಿನ ಚಕ್ರಕ್ಕೆ ಹಾಕಬೇಕು, ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಆದರೆ ಮುಂದೆ ಮತ್ತೆ ಅದೇ ಎಂಟು ವರ್ಷದ ಟೈರು! ಅಜ್ಜಿಗೆ ಮುಂದಿನ ತಿಂಗಳೂ ಮಣಿಪಾಲಕ್ಕೆ ಹೋಗಲೇಬೇಕಿತ್ತು.

ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ 15 ಸಾವಿರ ನನ್ನ ಖಾತೆಯಲ್ಲಿತ್ತು. ಶಿವಮೊಗ್ಗದಲ್ಲಿ ಕೋಚಿಂಗ್ ಸೇರಲು ಇಟ್ಟಿದ್ದ ದುಡ್ಡು. ಎರಡು ದಿನ ಸುಮ್ಮನಿದ್ದೆ. ಕಣ್ಣು ಮುಚ್ಚಿದರೆ ತಡೆಗೋಡೆ, ಅಪ್ಪನ ನಡುಗುವ ಕೈ. ಮೂರನೇ ದಿನ 12 ಸಾವಿರ ತೆಗೆದು ಅವರ ಮುಂದಿಟ್ಟೆ. ‘ನಿನ್ನ ಓದಿನ ದುಡ್ಡು ಮುಟ್ಟಲ್ಲ’ ಎಂದು ಎದ್ದು ತೋಟಕ್ಕೆ ಹೋದರು. ಸಂಜೆ ಬಂದು ಕೇಳಿದ್ದು ಒಂದೇ ಮಾತು: ‘ಸಾಲ ಅಂತ ಬರ್ಕೋ.’ ಬರೆದುಕೊಂಡೆ.

ಅಂಗಡಿಯಲ್ಲಿ ಕೆಲಸದ ಹುಡುಗ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಬಗ್ಗಿ ಓದಿದೆ. ಮೂರರ ಮೇಲೆ 1824. ನಾಲ್ಕನೆಯದರ ಮೇಲೆ 0921. ಮೂರೂವರೆ ವರ್ಷ ಹಳೆಯದು! ‘ಗೋಡೌನ್‌ನಲ್ಲೇ ಇದ್ದದ್ದು ಮೇಡಂ, ಹೊಸದೇ’ ಎಂದರು ಅಂಗಡಿಯವರು. ‘ಹೊಸದರ ಬೆಲೆಗೆ ಹೊಸದೇ ಕೊಡಿ’ ಎಂದೆ. ಧ್ವನಿ ನಡುಗಿತು, ಆದರೂ ಎಂದೆ. ಗೊಣಗುತ್ತಲೇ ಬೇರೆ ತರಿಸಿದರು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮುಗಿದ ಮೇಲೆ ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲಿನ ಬಳಿಯ ಸ್ಟಿಕ್ಕರ್ ನೋಡಿ ಹೇಳಿದ್ದೂ ನಾನೇ. ಅಪ್ಪ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು.

ಆಗಸ್ಟಿನಲ್ಲಿ ಮತ್ತೆ ಅದೇ ಘಾಟಿ, ಅದೇ ಮಳೆ. ಅದೇ ತಿರುವಿನಲ್ಲಿ ಅಪ್ಪ ಬ್ರೇಕ್ ಒತ್ತಿದರು, ಕಾರು ನಿಂತಿತು. ಅಷ್ಟೇ. ಹೊಸ ಟೈರು ಬಂತೆಂದು ಅವರು ವೇಗ ಹೆಚ್ಚಿಸಲಿಲ್ಲ, ಇನ್ನೂ ನಿಧಾನಕ್ಕೇ ಓಡಿಸಿದರು. ಒಂದೊಂದು ಟೈರು ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಂಗೈ ಅಗಲದಷ್ಟು. ನಾವು ಐದು ಜನರ ಜೀವ ಆ ನಾಲ್ಕು ಅಂಗೈಗಳ ಮೇಲಿರುತ್ತದೆ ಎನ್ನುವುದು ನನಗೀಗ ಗೊತ್ತು.

ಕೋಚಿಂಗ್ ಸೇರಲಿಲ್ಲ. ಊರಿನ ಗ್ರಂಥಾಲಯದಲ್ಲೇ ಓದಿದೆ. ಪ್ರಿಲಿಮ್ಸ್ ಪಾಸಾಯಿತು, ಮೇನ್ಸ್ ಆಗಲಿಲ್ಲ. ಮತ್ತೆ ಬರೆಯುತ್ತೇನೆ. ಅಡಿಕೆ ಮಾರಿದ ದಿನ ಅಪ್ಪ 12 ಸಾವಿರ ಎಣಿಸಿ ಕೊಟ್ಟು, ‘ಬರ್ಕೊಂಡಿದ್ದನ್ನ ಹೊಡೆದುಹಾಕು’ ಎಂದರು. ದುಡ್ಡು ತೆಗೆದುಕೊಂಡೆ. ಆ ಹಾಳೆಯನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೇನೆ.

ನಿಮ್ಮ ಮನೆಯ ಅಂಗಳದಲ್ಲೂ ಒಂದು ಕಾರು ನಿಂತಿರಬಹುದು. ಇವತ್ತು ಹೊರಗೆ ಹೋದಾಗ ಒಮ್ಮೆ ಬಗ್ಗಿ, ಆ ನಾಲ್ಕು ಅಂಕಿ ಓದಿ ಬನ್ನಿ.